ಎರಡಾಣೆಯ ಸ್ಟಾರ್ಟಪ್

ಮೊನ್ನೆ ಮಂಗಳೂರಿನ ಒಂದು ಎಸಿ ಹಾಲಿನಲ್ಲಿ ಸ್ಟಾರ್ಟಪ್ ಸಮಾವೇಶ. ನಾನು ಹೋದದ್ದು ಗೋಳಿಬಜೆಗೆ, ಸುಳ್ಳು ಯಾಕೆ ಹೇಳಲಿ. ವೇದಿಕೆಯಲ್ಲಿ ಕೋಟು ತೊಟ್ಟ ಹುಡುಗನೊಬ್ಬ (ಈ ಸೆಕೆಯಲ್ಲಿ ಕೋಟು!) ತನ್ನ ಕ್ರಾಂತಿಕಾರಿ ಐಡಿಯಾ ಬಿಚ್ಚಿದ. ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕಿಗೆ ಹೋಗಲು ಪುರುಸೊತ್ತಿಲ್ಲ. ಹಾಗಾಗಿ ಇವನ 'ಸೇವಿಂಗ್ಸ್ ಪಾರ್ಟ್ನರ್' ದಿನಾ ಅವರ ಬಾಗಿಲಿಗೇ ಹೋಗಿ ಹತ್ತೋ ಇಪ್ಪತ್ತೋ ತರುತ್ತಾನಂತೆ. ಜಗತ್ತಿನಲ್ಲೇ ಪ್ರಥಮ!

ಜಡ್ಜುಗಳು ತಲೆದೂಗಿದರು. ನನ್ನ ಪಕ್ಕದ ಹಿರಿಯರಿಗೆ ಬಾಯಲ್ಲಿದ್ದ ಗೋಳಿಬಜೆ ಗಂಟಲಿಗೆ ಸಿಕ್ಕಿತು. "ಮಾರಾಯ, ಇದು ಪಿಗ್ಮಿ ಅಲ್ವಾ?"

"ಪಿಗ್ಮಿ ಅಂದ್ರೆ ಯಾವ ಆ್ಯಪ್ ಸರ್?" ಅಂದ ಹುಡುಗ.

ಪಾಪ, ಅವನಿಗೆ ಹೇಳಿದವರಾದರೂ ಯಾರು? ಕರಾವಳಿಯ ಮಗ್ಗಗಳು ಸೊರಗಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಹಾಕಿ ಶುರುಮಾಡಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದ. ಆ ಪುಣ್ಯಾತ್ಮರು ಮಾಡಿದ ತಪ್ಪೆಂದರೆ ತೊಂಬತ್ತು ಚಿಲ್ಲರೆ ವರ್ಷ ಬೇಗ ಹುಟ್ಟಿದ್ದು. ಸ್ಲೈಡ್ ಇಲ್ಲ, ಕೋಟಿನ ಮೇಲೆ ಬಿಲ್ಲೆ ಇಲ್ಲ, ಎರಡಾಣೆಗೆ 'ಮೈಕ್ರೋ' ಅನ್ನಬೇಕೆಂದೂ ಗೊತ್ತಿಲ್ಲ. 2020ರಲ್ಲಿ ಬ್ಯಾಂಕೇ ಕೆನರಾ ಬ್ಯಾಂಕಿನೊಳಗೆ ಲೀನವಾಯಿತು. ಅಪ್ಪನ ಹೆಸರು ಅಳಿಸಿದ ಮೇಲೆ ಮಗುವಿಗೆ ಹೊಸ ನಾಮಕರಣ ಸುಲಭ.

ಬೆಂಗಳೂರಿಂದ ಬಂದ ಮುಖ್ಯ ಜಡ್ಜು ಸಮಾಧಾನ ಮಾಡಿದರು. ಐಡಿಯಾ ದೊಡ್ಡದಲ್ಲ, ಟೈಮಿಂಗ್ ದೊಡ್ಡದು. ಅಮೆರಿಕದಲ್ಲಿ 1999ರಲ್ಲೇ ವೆಬ್‌ವ್ಯಾನ್ ಎಂಬ ಕಂಪನಿ ದಿನಸಿಯನ್ನು ಮನೆಗೆ ತಲುಪಿಸಲು ಹೊರಟು ಕೋಟಿಗಟ್ಟಲೆ ಡಾಲರ್ ಸುರಿದು 2001ರಲ್ಲಿ ದಿವಾಳಿಯಾಯಿತು, ಜನ ಅದಕ್ಕೆ ಸಿದ್ಧರಿರಲಿಲ್ಲ ಎಂದರು. ನನಗೆ ನಮ್ಮ ಓಣಿಗೆ ಬರುವ ಮೀನಿನ ಬಾಯಮ್ಮನ ನೆನಪಾಯಿತು. ಬುಟ್ಟಿ ಇಳಿಸುವ ಮೊದಲೇ "ನಿಮಗೆ ಇವತ್ತು ಬೂತಾಯಿ ಬೇಡ, ಸಂಕಷ್ಟಿ ಅಲ್ವಾ" ಅನ್ನುತ್ತಾಳೆ. ಈ ಬುದ್ಧಿಗೆ ಆ ಎಸಿ ಹಾಲಿನೊಳಗೆ ಆಲ್ಗರಿದಂ ಅನ್ನುತ್ತಿದ್ದರು. ಅವಳ ಮೇಲೆ ಇದುವರೆಗೆ ಯಾರೂ ಹೂಡಿಕೆ ಮಾಡಿಲ್ಲ. ಅವಳು ದಿವಾಳಿಯಾಗದಿರಲು ಅದೇ ಕಾರಣ ಇರಬೇಕು.

ಹುಡುಗನಿಗೆ ಮೊದಲ ಬಹುಮಾನ. ಪಿಗ್ಮಿ ಅಂದ ಹಿರಿಯರಿಗೆ 'ಸಕ್ರಿಯ ಪ್ರೇಕ್ಷಕ' ಎಂದು ಒಂದು ಪೆನ್ನು.

ಹೊರಗೆ ಗೂಡಂಗಡಿಯಲ್ಲಿ ಚಾ ಕುಡಿಯುತ್ತಿದ್ದೆವು. ಬೈಕಿನಲ್ಲಿ ಒಬ್ಬರು ಬಂದು, ಹೆಗಲಚೀಲದಿಂದ ಅಂಗೈಯಗಲದ ಮೆಷಿನ್ ತೆಗೆದು ಕುಟುಕುಟು ಒತ್ತಿದರು. ಸೊಸೈಟಿಯ ಪಿಗ್ಮಿ ಕಲೆಕ್ಟರ್. ಹುಡುಗ ಟ್ರೋಫಿ ಬಗಲಿಗಿಟ್ಟು ಹತ್ತಿರ ಹೋದ. "ಬ್ರೋ, ನಿಮ್ಮ ಫಂಡಿಂಗ್ ಯಾವ ಸ್ಟೇಜಲ್ಲಿದೆ?"

ಅವರು ಅಂಗಡಿಯವನ ಕಡೆ ನೋಡಿದರು. ಅಂಗಡಿಯವ ಗ್ಲಾಸು ತೊಳೆಯುತ್ತ ತಲೆ ಎತ್ತದೆ ಹೇಳಿದ: "ಇವತ್ತು ವ್ಯಾಪಾರ ಇಲ್ಲ ಮಾರಾಯ್ರೆ, ನಾಳೆ ಬನ್ನಿ."