ಹಸುವಿನ ಬೆದೆ ನಿಮ್ಮ ಬಿಡುವು ನೋಡಿಕೊಂಡು ಬರುತ್ತಾ?

ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆಗೆ ಹೋದಾಗಲೇ ಗೊತ್ತಾಯಿತು. ಹಸು ಒಂದೇ ಸಮ ಕೂಗುತ್ತಿತ್ತು, ಮೇವು ಮುಟ್ಟಿರಲಿಲ್ಲ, ಹಿಂದೆ ತಿಳಿಯಾದ ಲೋಳೆ ಇಳಿಯುತ್ತಿತ್ತು, ಪಕ್ಕದ್ದು ಮೇಲೆ ಹತ್ತಿದರೂ ಅಲ್ಲಾಡದೆ ನಿಂತಿತ್ತು. ಬೆದೆ ಅನ್ನೋದಕ್ಕೆ ಇನ್ನೇನು ಬೇಕು? ಗಬ್ಬ ನಿಲ್ಲೋ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕುವವರಿಗೆ ಆರು ಗಂಟೆಗೇ ಫೋನ್ ಮಾಡಿದೆ. "ಸಂಜೆ ಬರ್ತೀನಿ" ಅಂದರು. ಸರಿ, ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು, ಅಷ್ಟು ನನಗೂ ಗೊತ್ತು.

ಸಂಜೆ ಬರಲಿಲ್ಲ. ಏಳಕ್ಕೆ ರಿಂಗ್ ಆಗಿ ಆಗಿ ಕಟ್, ಎಂಟಕ್ಕೆ ಸ್ವಿಚ್ ಆಫ್. ಬಂದಿದ್ದು ಮರುದಿನ ಮಧ್ಯಾಹ್ನ! ಅಷ್ಟೊತ್ತಿಗೆ ಹಸು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. "ಇನ್ನೂ ಸ್ವಲ್ಪ ಇದೆ, ಹಾಕೋಣ ಬಿಡಿ" ಅಂತ ಮೈನಸ್ 196 ಡಿಗ್ರಿಯಲ್ಲಿದ್ದ ವೀರ್ಯದ ಸ್ಟ್ರಾ (ಸಣ್ಣ ಕೊಳವೆ) ತೆಗೆದು, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದುವ ಬದಲು ಅಂಗೈಯಲ್ಲಿ ಉಜ್ಜಿದರು. ನೀರು ಕಾಯಿಸಿ ಇಟ್ಟಿದ್ದೇನೆ ಸರ್ ಅಂದರೆ, ನನಗೇ ಪಾಠ ಹೇಳ್ತೀರಾ ಅನ್ನೋ ಮುಖ.

ಇದು ಎರಡನೇ ಸಲ. ಮೊದಲ ಸಲ ಬಂದು ಕಂಟೇನರ್ ಮುಚ್ಚಳ ತೆಗೆದು ನೋಡಿ, ವೀರ್ಯ ಕೆಡದಂತೆ ತಣ್ಣಗಿಡೋ ನೈಟ್ರೋಜನ್ ಖಾಲಿ ಅಂತ ವಾಪಸ್ ಹೋಗಿದ್ದರು.

"ಒಂದು ಬೆದೆ ತಾನೇ, ಮತ್ತೆ ಬರುತ್ತೆ" ಅಂತ ಸುಮ್ನೆ ಹೇಳುವವರು ಸ್ವಲ್ಪ ಲೆಕ್ಕ ಹಾಕಿ. ವರ್ಷಕ್ಕೊಂದು ಕರು ಬೇಕು ಅಂದರೆ, ಗಬ್ಬದ 280 ದಿನ ಕಳೆದು ಉಳಿಯುವುದು 85 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಸುಧಾರಿಸಿಕೊಳ್ಳಲು ಅದರಲ್ಲಿ ಒಂದೂವರೆ ತಿಂಗಳು ಬಿಡಲೇಬೇಕು. ಮಿಕ್ಕ 40 ದಿನದಲ್ಲಿ, 21 ದಿನಕ್ಕೊಂದರಂತೆ, ಸಿಗುವುದೇ ಎರಡು ಬೆದೆ. ಆ ಎರಡೂ ಇವರ ಕೈಯಲ್ಲೇ ಹಾಳಾದವು. ಹಾಲು ದಿನದಿಂದ ದಿನಕ್ಕೆ ಇಳಿಯುತ್ತೆ, ಹಿಂಡಿ ಮೇವಿನ ಖರ್ಚು ಇಳಿಯುತ್ತಾ? ಗಬ್ಬ ನಿಲ್ಲದ ಹಸುವೂ ಅಷ್ಟೇ ತಿನ್ನುತ್ತೆ.

ಇದಕ್ಕೆಲ್ಲ ಕಳಶ ಇಟ್ಟಂತೆ, ಇವತ್ತು ಮತ್ತೆ ಬೆದೆಗೆ ಬಂತು ಅಂತ ಫೋನ್ ಮಾಡಿದರೆ "ನಿಮ್ಮ ಹಸುವಲ್ಲೇ ಏನೋ ದೋಷ ಇದೆ, ಖನಿಜ ಮಿಶ್ರಣ ಕೊಡ್ತಾ ಇದ್ದೀರಾ?" ಅಂತೆ. ಕೊಡ್ತಾ ಇದ್ದೇನೆ ಸ್ವಾಮಿ, ದಿನಾ ಕೊಡ್ತಾ ಇದ್ದೇನೆ! ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಬೆದೆ ನೋಡುವವನು ನಾನು, ದೋಷ ಹಸುವಿನದು.

ಈ ಸಲ ಯಾವಾಗ ಬರ್ತೀರಾ ಅಂತ ಕೇಳಿದೆ. ಇವತ್ತು ಭಾನುವಾರವಂತೆ, ನಾಳೆ ನೋಡೋಣ ಅಂದರು.