ನಿಂತಲ್ಲೇ ಸವಾರಿ, ಕೆಳಮನೆಯಲ್ಲಿ ಗುಡುಗು

ಬೆಂಗಳೂರಿನ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ವಾಸಿಸುವವನು ಮನೆಯೊಳಗೇ ಸೈಕಲ್ ತುಳಿಯಲು, ಅದನ್ನು ನಿಂತಲ್ಲೇ ಹಿಡಿದಿಡುವ ಟ್ರೈನರ್ ಎಂಬ ಸಾಧನ ಕೊಳ್ಳಹೊರಟರೆ, ತನ್ನ ಕಾಲಿನ ಕಸುವಿಗಿಂತ ಮೊದಲು ಕೆಳಗಿರುವ ಓನರ್ ದಂಪತಿಯ ಕಿವಿಯ ಕಸುವನ್ನು ಅಂದಾಜು ಮಾಡಿಕೊಳ್ಳಬೇಕಾಗುತ್ತದೆ. ವಾಟ್, ಫ್ಲೈವೀಲಿನ ತೂಕ, ಬ್ಲೂಟೂತ್ ಮುಂತಾದ ವಿವರಗಳನ್ನೆಲ್ಲ ಡಬ್ಬಿಯ ಮೇಲೆ ಮುದ್ರಿಸುವ ತಯಾರಕರು ಇದೊಂದನ್ನು ಮಾತ್ರ ಮುದ್ರಿಸುವುದಿಲ್ಲ.

ಹೊರಗೆ ರಸ್ತೆಯಿಲ್ಲವೇ ಎಂದು ಕೇಳುವವರಿದ್ದಾರೆ. ರಸ್ತೆಯಿದೆ. ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟವೂ ಇದೆ, ಆದರೆ ಅದು ಭಾನುವಾರದ ಮಾತು. ವಾರದ ದಿನಗಳಲ್ಲಿ ನಸುಕಿನಲ್ಲಿ ಹೊರಟರೆ ನಾಯಿಗಳ ಬೆಂಗಾವಲು, ಸ್ವಲ್ಪ ತಡವಾದರೆ ಶಾಲಾ ವ್ಯಾನುಗಳ ದಂಡು, ಸಂಜೆಯಾದರೆ ಮಳೆ. ಮಳೆ ನಿಂತ ಮೇಲೆ ಬನಶಂಕರಿಯ ನಮ್ಮ ಅಡ್ಡರಸ್ತೆಯಲ್ಲಿ ಯಾವುದು ರಸ್ತೆ, ಯಾವುದು ಗುಂಡಿ ಎಂಬುದು ಮುಂದಿನ ಚಕ್ರ ಇಳಿದ ನಂತರವಷ್ಟೇ ಇತ್ಯರ್ಥವಾಗುತ್ತದೆ.

ಹೀಗಾಗಿ ಜಯನಗರದ ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದ ಹುಡುಗ ನನ್ನನ್ನು ಕೂರಿಸಿ, ನೀರು ಕೊಟ್ಟು, "ಸರ್, ನಿಮ್ ಸೈಕಲ್ ಹಿಂದಿನ ಆಕ್ಸಲ್ ಕ್ವಿಕ್ ರಿಲೀಸಾ, ಥ್ರೂ ಆಕ್ಸಲ್ಲಾ, ಇಲ್ಲಾ ನಟ್ಟಾ? ಅಳತೆ 130ಆ, 135ಆ, 142ಆ? ಗೇರ್ ಎಂಟಾ, ಒಂಬತ್ತಾ, ಹತ್ತಾ?" ಎಂದು ಒಂದೇ ಉಸಿರಿನಲ್ಲಿ ವಿಚಾರಿಸಿದ. ಗೋತ್ರ, ನಕ್ಷತ್ರ, ರಾಶಿ ಕೇಳಿ ಜಾತಕ ಹೊಂದಿಸುವ ಪುರೋಹಿತರು ಕೂಡ ಹೆಣ್ಣಿನ ಕಡೆಯವರಿಗೆ ಇಷ್ಟು ಮಿಲಿಮೀಟರುಗಳ ಪ್ರಶ್ನೆ ಹಾಕುವುದಿಲ್ಲ. ಆದರೆ ಅವನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಡೈರೆಕ್ಟ್ ಡ್ರೈವ್ ಎಂಬ ಬಗೆಯಲ್ಲಿ ಹಿಂದಿನ ಚಕ್ರವನ್ನೇ ಕಳಚಿಟ್ಟು, ಟ್ರೈನರಿನ ಮೇಲಿರುವ ಕ್ಯಾಸೆಟ್ಟಿಗೆ, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ, ಚೈನನ್ನು ನೇರವಾಗಿ ತೊಡಿಸಬೇಕಾದ್ದರಿಂದ, ಆಕ್ಸಲಿನ ಅಗಲವೂ ಗೇರುಗಳ ಸಂಖ್ಯೆಯೂ ಹೊಂದದಿದ್ದರೆ ಸಂಬಂಧ ಕುದುರುವುದಿಲ್ಲ. ಈ ಬಗೆಯಲ್ಲಿ ಟೈರು ಉಜ್ಜುವ ಪ್ರಶ್ನೆಯೇ ಇಲ್ಲದ್ದರಿಂದ ಸದ್ದು ಕಡಿಮೆ. ಬೆಲೆ ಕೇಳಿದ ಮೇಲೆ ನಾನೂ ಸದ್ದಿಲ್ಲದೆ ಕುಳಿತೆ.

ಅಂಥದ್ದೊಂದು ವೈಟ್‌ಫೀಲ್ಡಿನಲ್ಲಿರುವ ನನ್ನ ಭಾವಮೈದುನನ ಬಳಿ ಇದೆ. ಟ್ರೈನರಿಗೆ ಜೋಡಿಸಿಕೊಂಡು ಪರದೆಯ ಮೇಲಿನ ರಸ್ತೆಗಳಲ್ಲಿ ಸವಾರಿ ಮಾಡಿಸುವ ಝ್ವಿಫ್ಟ್ ಆ್ಯಪಿನಲ್ಲಿ, ಫ್ರಾನ್ಸಿನ ಆಲ್ಪ್ ದ್ಯುಯೆಜ್ ಬೆಟ್ಟದ 21 ತಿರುವುಗಳನ್ನು ಅನುಸರಿಸಿ ರಚಿಸಿದ ಹಾದಿಯೊಂದಿದೆ. ಪರದೆಯ ಮೇಲೆ ಏರು ಬಂದೊಡನೆ ಟ್ರೈನರ್ ತಾನಾಗಿಯೇ ಬಿಗಿಯಾಗುತ್ತದೆ. ಅವನು ಹಲ್ಲು ಕಚ್ಚಿಕೊಂಡು ಆ ಏರನ್ನು ತುಳಿಯುತ್ತಿದ್ದಾಗ ಕರೆಂಟು ಹೋಯಿತು. ಬೆಟ್ಟವೂ ವೈಫೈಯೂ ಒಟ್ಟಿಗೇ ಮಾಯವಾದವು, ಬಿಗಿ ಒಮ್ಮೆಲೇ ಸಡಿಲಿತು, ಪೆಡಲುಗಳು ಗಿರ್ರನೆ ತಿರುಗಿ ಅವನು ಹ್ಯಾಂಡಲ್ಲಿನ ಮೇಲೆ ಮುಗ್ಗರಿಸಿದ. ಜನರೇಟರ್ ಬಂದ ಮೇಲೆ, "ಅರ್ಧ ಬೆಟ್ಟ ಹೋಯ್ತು ಭಾವ" ಎಂದು ಅವನು ತೋಡಿಕೊಂಡ ದುಃಖಕ್ಕೆ ಏನೆಂದು ಸಮಾಧಾನ ಹೇಳಬೇಕೋ ನನಗೆ ತೋಚಲಿಲ್ಲ.

ಮೂರು ಉರುಳೆಗಳ ಮೇಲೆ ಸೈಕಲನ್ನು ಬಿಗಿಯದೆ ಸುಮ್ಮನೆ ನಿಲ್ಲಿಸಿ ತುಳಿಯುವ ರೋಲರ್ ಎಂಬುದೂ ಒಂದಿದೆ. ಸಮತೋಲ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ ಎನ್ನುತ್ತಾರೆ. ಶೋಕೇಸಿನ ಪಕ್ಕದಲ್ಲಿ ಸಮತೋಲ ಕಲಿಯುವ ವಯಸ್ಸು ನನ್ನದಲ್ಲ.

ಉಳಿದದ್ದು ಹಿಂದಿನ ಟೈರನ್ನು ಉರುಳೆಯೊಂದಕ್ಕೆ ಒತ್ತಿ ನಿಲ್ಲಿಸುವ ಬಗೆ. ಅದರಲ್ಲಿ ಎರಡು ಕವಲು. ಮ್ಯಾಗ್ನೆಟಿಕ್ ಟ್ರೈನರಿನಲ್ಲಿ ಅಯಸ್ಕಾಂತವನ್ನು ಹತ್ತಿರ ದೂರ ಮಾಡಿ ಬಿಗಿಯನ್ನು ಬದಲಿಸಬೇಕು. ಫ್ಲೂಯಿಡ್ ಟ್ರೈನರಿನಲ್ಲಿ ಮುಚ್ಚಿದ ಕೋಣೆಯೊಳಗಿನ ದಪ್ಪ ಎಣ್ಣೆಯನ್ನು ರೆಕ್ಕೆಗಳು ಕಡೆಯುವುದರಿಂದ, ನಾವು ವೇಗವಾಗಿ ತುಳಿದಷ್ಟೂ ಬಿಗಿ ತಾನೇ ಹೆಚ್ಚುತ್ತದೆ. ಗೇರು ಬದಲಿಸಿದರೆ ಸಾಕು, ಕರೆಂಟಿನ ಹಂಗೂ ಇಲ್ಲ. ನಾನು ಎಣ್ಣೆಯದನ್ನು ತಂದೆ. ತುಳಿಯುವಾಗ ನಿಜವಾದ ರಸ್ತೆಯ ಅನುಭವಕ್ಕೆ ಅದೇ ಹತ್ತಿರವೆಂಬುದು ಇಂದಿಗೂ ನನ್ನ ಅಭಿಪ್ರಾಯ.

ಎಣ್ಣೆ ಮೌನಿಯೇ. ಮಾತನಾಡಿದ್ದು ಟೈರು. ಗುಬುಟು ಗುಬುಟಾದ ಅಚ್ಚಿನ ನನ್ನ ಟೈರು ಉಕ್ಕಿನ ಉರುಳೆಯ ಮೇಲೆ ಓಡತೊಡಗಿದಾಗ ಹುಟ್ಟಿದ ಗುಂಯ್‌ಗುಡುವಿಕೆ, ಹಾಲಿನ ಟೈಲ್ಸಿಗಿಳಿದು, ಅಲ್ಲಿಂದ ಕೆಳಮನೆಯ ಸೀಲಿಂಗ್ ಫ್ಯಾನಿಗೆ ತಲುಪಿತು. ನಿಲ್ಲಿಸಿ ಮುಟ್ಟಿ ನೋಡಿದರೆ ಟೈರು ಬಿಸಿಯಾಗಿತ್ತು, ಉರುಳೆಯ ಕೆಳಗೆ ಸಣ್ಣ ರಬ್ಬರ್ ಪುಡಿ ಕಪ್ಪು ಗೆರೆಯಾಗಿ ಬಿದ್ದಿತ್ತು. ಅದನ್ನು ಯಾರು ಗುಡಿಸಬೇಕೆಂಬ ಚರ್ಚೆ ನಡೆಯುತ್ತಿರುವಾಗಲೇ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. "ಏನಮ್ಮಾ, ದಿನಾ ರಾತ್ರಿ ಗ್ರೈಂಡರ್ ಹಾಕ್ತಿದೀರಲ್ಲ, ದೋಸೆಹಿಟ್ಟಿನ ವ್ಯಾಪಾರ ಶುರು ಮಾಡಿದ್ರಾ? ವ್ಯಾಪಾರಕ್ಕೆ ಅಂತ ಮನೆ ಕೊಟ್ಟಿಲ್ಲ ನಾವು, ನೀರಿನ ಬಿಲ್ಲು ಬೇರೆ ನಮ್ದೇ" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಬೆವರಿನಲ್ಲಿ ತೊಯ್ದ ನನ್ನನ್ನು ತೋರಿಸಿ, "ಇಲ್ಲ ಆಂಟಿ, ಇವರು ಸೈಕಲ್ ಹೊಡೀತಿದಾರೆ" ಎಂದಳು. ಹಿಟ್ಟಿನ ವ್ಯಾಪಾರವಾದರೂ ನಂಬಬಹುದಿತ್ತೆಂಬ ನೋಟದೊಂದಿಗೆ ಅವರು ಇಳಿದು ಹೋದರು.

ಗಟ್ಟಿ ರಬ್ಬರಿನ, ನುಣುಪಾದ ಟ್ರೈನರ್ ಟೈರನ್ನೂ ಅಡಿಗೆ ಹಾಸಲು ದಪ್ಪನೆಯ ಮ್ಯಾಟನ್ನೂ ತಂದೆ. ಆ ಟೈರಿಗೆ ರಸ್ತೆಯಲ್ಲಿ ಹಿಡಿತವಿಲ್ಲದ ಕಾರಣ, ಭಾನುವಾರ ಹೊರಗೆ ಹೋಗಬೇಕೆಂದರೆ ಶನಿವಾರ ರಾತ್ರಿ ಟೈರು ಬಿಚ್ಚುವ ಕಾರ್ಯಕ್ರಮ. ಗಾಳಿಯನ್ನೂ ಪ್ರತಿಸಲ ಒಂದೇ ಮಟ್ಟಕ್ಕೆ ತುಂಬಬೇಕು. ಕಡಿಮೆಯಾದರೆ ಜೋರಾಗಿ ತುಳಿದಾಗ ಚಕ್ರ ಜಾರುತ್ತದೆ. ಇಷ್ಟಾದ ಮೇಲೆ ಸದ್ದು ಇಳಿಯಿತು, ಸೆಕೆ ಏರಿತು. ಪೆಡಲಿಗೆ 150 ವಾಟ್ ತಲುಪಿಸಲು ದೇಹ ಸುಮಾರು 600 ವಾಟ್ ಖರ್ಚು ಮಾಡುತ್ತದೆ, ಮಿಕ್ಕಿದ್ದೆಲ್ಲ ಶಾಖ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಹಾಲಿನಲ್ಲಿ ಒಯ್ಯುವವರಿಲ್ಲ. ಮೂಗಿನ ತುದಿಯಿಂದ ತೊಟ್ಟಿಕ್ಕಿದ ಬೆವರು ಸೈಕಲ್ಲಿನ ಕೊಳವೆಯ ಮೇಲೆ ಒಣಗಿ ಉಪ್ಪಿನ ಬಿಳಿ ಕಲೆಯಾಗುತ್ತಿತ್ತು, ಹ್ಯಾಂಡಲ್ಲಿನ ಸ್ಕ್ರೂಗಳಿಗೆ ತುಕ್ಕು ಹಿಡಿಯತೊಡಗಿತು. ಹೆಗಲಿಗೊಂದು ಟವೆಲ್, ಹ್ಯಾಂಡಲ್ಲಿಗೊಂದು ಟವೆಲ್, ಎದುರಿಗೊಂದು ಪೆಡೆಸ್ಟಲ್ ಫ್ಯಾನ್ ಬಂದವು. ಫ್ಯಾನಿನ ಸದ್ದು ಈಗ ಟ್ರೈನರಿಗಿಂತ ಹೆಚ್ಚು.

ಒಂದು ಸಂಜೆ ಓನರ್ ಅಂಕಲ್ ಖುದ್ದಾಗಿ ತನಿಖೆಗೆ ಬಂದರು. ಟ್ರೈನರನ್ನು ಸುತ್ತುಹಾಕಿ, ಮ್ಯಾಟಿನ ಅಂಚನ್ನು ಎತ್ತಿ ಟೈಲ್ಸ್ ಸೀಳಿಲ್ಲವೆಂದು ಖಾತ್ರಿಪಡಿಸಿಕೊಂಡು, "ಮಂಡಿನೋವಿಗೆ ಸೈಕಲ್ ತುಳೀರಿ ಅಂತ ಡಾಕ್ಟ್ರು ಹೇಳಿದಾರ್ರೀ, ಸ್ವಲ್ಪ ಸೀಟ್ ಇಳಿಸ್ತೀರಾ?" ಎಂದರು. ಇಳಿಸಿದೆ. ಪಂಚೆ ಎತ್ತಿ ಕಟ್ಟಿ ಹತ್ತಿ ಕುಳಿತ ಅವರು, ಆಂಟಿ ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿಕೊಂಡು ಆಗಾಗ ಬರತೊಡಗಿದರು. ಮೊನ್ನೆ ಆಂಟಿ ಬೇಗ ಹಿಂದಿರುಗಿರಬೇಕು. ನನ್ನ ಹೆಂಡತಿಯ ಫೋನು ಹೊಡೆದುಕೊಂಡಿತು. "ಮತ್ತೆ ಶುರುವಾಯ್ತಲ್ಲಮ್ಮ, ನಿಮ್ಮೆಜಮಾನ್ರಿಗೆ ಸ್ವಲ್ಪ ಹೇಳ್ಬಾರ್ದಾ?" ಎಂಬ ಧ್ವನಿ ಹಾಲಿಗೆಲ್ಲ ಕೇಳಿಸಿತು. ಅಂಕಲ್ ಪೆಡಲ್ ನಿಲ್ಲಿಸದೆ, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ನನ್ನ ಕಡೆ ತೋರಿಸಿದರು.

"ಹೇಳ್ತೀನಿ ಆಂಟಿ" ಎಂದಳು ನನ್ನ ಹೆಂಡತಿ.