ಮೋಜಿನ ಬಾಲ

ಸರ ಕಿತ್ತವನು, ಬೈಕು ಕದ್ದವನು, ಯಾರೇ ಸಿಕ್ಕಿಬೀಳಲಿ, ಮಾರನೆಯ ದಿನದ ಪತ್ರಿಕೆಯಲ್ಲಿ ಅವನು ಕದ್ದದ್ದು 'ಮೋಜಿನ ಜೀವನಕ್ಕಾಗಿ'. ಅಕ್ಕಿ ತರಲು ಕದ್ದವರು ಸಿಕ್ಕಿಬೀಳುವುದೇ ಇಲ್ಲವೋ ಏನೋ. ಸಾಲದ್ದಕ್ಕೆ ಮೋಜಿನ ಪಕ್ಕ ಮಸ್ತಿಯನ್ನೂ ತಂದು ಕಟ್ಟುತ್ತಾರೆ. ಮಸ್ತಿ ಎಂದರೆ ಪಾರಸಿಯಲ್ಲಿ ಅಮಲು. ಅದರ ಮೇಲೆ ದೂರು ಕೊಟ್ಟರೆ ಒಪ್ಪೋಣ. ಮೋಜು ಏನು ಮಾಡಿತ್ತು? ಅರಬ್ಬಿಯ ಮೌಜ್ ಬರೀ ನೀರಿನ ಅಲೆ. ಪಾರಸಿ, ಉರ್ದು, ಮರಾಠಿಗಳನ್ನು ಹಾಯ್ದು ಬರುವಷ್ಟರಲ್ಲಿ ಅಲೆ ನೀರು ಬಿಟ್ಟು ಮನಸ್ಸಿಗೆ ಹತ್ತಿತು. ಸಂಸ್ಕೃತದ ಲಹರಿಯೂ ಅಲೆಯೇ, ಅದೂ ಹೀಗೇ ಮನಸ್ಸಿಗೆ ಹತ್ತಿದ್ದು. ಲಹರಿ ಬಂದವನಿಗೆ ಶಾಲು, ಹಾರ. ಮೋಜು ಮಾಡಿದವನಿಗೆ ಠಾಣೆ.

'ಮೋಜು ಬಂದದ್ದು ಮೋದದಿಂದ' ಎನ್ನುವವರೂ ಇದ್ದಾರೆ. ಒಂಟಿ ದಕಾರ ಹಾಗೆ ಸುಮ್ಮನೆ ಜಕಾರವಾಗುವುದಿಲ್ಲ ಸ್ವಾಮಿ, ಅದಕ್ಕೆ ಯಕಾರದ ಒತ್ತು ಬೇಕು. ವಿದ್ಯೆ ಬಿಜ್ಜೆಯಾದದ್ದು, ಉದ್ಯೋಗ ಉಜ್ಜುಗವಾದದ್ದು ಆ ಒತ್ತಿನಿಂದ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥ ಪದಗಳಿಗೆ ಅಪಭ್ರಂಶ ಪ್ರಕರಣವೆಂದು ಒಂದು ಭಾಗವನ್ನೇ ಮೀಸಲಿಟ್ಟ. ಓದುವ ವ್ಯವಧಾನ ಯಾರಿಗಿದೆ?

ಮೌಜ್ ಮೋಜು ಆದದ್ದರಲ್ಲಿ ಗುಟ್ಟೇನಿಲ್ಲ. ಶೌಕಿ ಶೋಕಿಯಾದಂತೆ ಔ ಸವೆದು ಓ ಆಯಿತು, ತುದಿಗೊಂದು ಉಕಾರದ ಬಾಲ ಬಂತು. ಈ ಬಾಲ ಅಂಟಿಸುವುದಕ್ಕೂ ಲೆಕ್ಕವಿದೆ. ಕೊನೆಯ ವ್ಯಂಜನದ ಹಿಂದೆ ದೀರ್ಘವಿದ್ದರೆ ಉ ಸುಮ್ಮನೆ ಬಂದು ಕೂರುತ್ತದೆ: ಕಾರ್ ಕಾರು, ಜಮೀನ್ ಜಮೀನು. ಹ್ರಸ್ವವಿದ್ದರೆ ಸಾಮಾನ್ಯವಾಗಿ ವ್ಯಂಜನಕ್ಕೆ ಒತ್ತು ಬೀಳುತ್ತದೆ: ಬಸ್ ಬಸ್ಸು, ಪೆನ್ ಪೆನ್ನು, ತಾಕತ್ ತಾಕತ್ತು. ಮರಾಠಿಯ ಗಂಮತ್ ನಮ್ಮಲ್ಲಿ ಗಮ್ಮತ್ತಾದದ್ದೂ ಹೀಗೆಯೇ. ಅದಕ್ಕೂ ಅಡುಗೆಮನೆಯ ಘಮಕ್ಕೂ ನೆಂಟಸ್ತನ ಹುಡುಕಬೇಕಿಲ್ಲ. ರಕಾರವೊಂದು ಹಠಮಾರಿ. ಹಿಂದೆ ಹ್ರಸ್ವವಿದ್ದರೂ ಒತ್ತು ಹೊರುವುದಿಲ್ಲ: ನಂಬರ್ ನಂಬರು, ಪೇಪರ್ ಪೇಪರು. ಅಕ್ಷರ ಕಲಿಯದ ಅಜ್ಜಿಯೂ ತಪ್ಪದೆ ಪಾಲಿಸುವ ಲೆಕ್ಕ ಇದು. ತಪ್ಪುವವರು ಜಾಹೀರಾತು ಬರೆಯುವವರು. ಬಾಲ ಕತ್ತರಿಸಿ 'ಮೋಜ್ ಮಾಡಿ' ಎಂದು ಫಲಕ ನಿಲ್ಲಿಸುತ್ತಾರೆ. ವಿಭಕ್ತಿ ಹಚ್ಚುವಾಗ ಪೇಚು: 'ಮೋಜ್‌ಗೆ ಬನ್ನಿ'. ಮೋಜಿಗೆ ಎಂದರೆ ನಾಲಗೆ ಸವೆಯುತ್ತದೆಯೇ?

ಇನ್ನು ಮೋಜಿಗೂ ಮಜಕ್ಕೂ ಏನು ವ್ಯತ್ಯಾಸ ಎಂಬುದು ಉಳಿಯಿತು, ಹೇಳಹೊರಟಿದ್ದು ಅದನ್ನೇ. ಪಾರಸಿಯಲ್ಲಿ ಮಜಾ ಎಂದರೆ ರುಚಿ, ನಾಲಗೆಯ ಮೇಲಿನದು. ಸ್ವರದಲ್ಲೇ ಮುಗಿಯುವುದರಿಂದ ಬಾಲದ ತಂಟೆಯಿಲ್ಲ. ಊಟ ಮಜವಾಗಿತ್ತು ಎನ್ನಬಹುದು. ಮೋಜಾಗಿತ್ತು ಎಂದರೆ ಬಡಿಸಿದವರು ಮುಖ ನೋಡುತ್ತಾರೆ.